ಎರಡು ತಪ್ಪುಗಳ ನಡುವೆ ಸೆರೆಸಿಕ್ಕ ಸತ್ಯ

ಉಕ್ಕಿನ ತೊಲೆಯ ಮೇಲೆ ಭಾರ ಬಿತ್ತು ಅನ್ನಿ. ಅದು ಬಾಗಿದ್ದು ಕಂಡೀತು, ಅಳತೆಪಟ್ಟಿಗೂ ಸಿಕ್ಕೀತು. ಆದರೆ ಅದರ ಹೊಟ್ಟೆಯೊಳಗೆ ನಡೆದಿರುವ ಜಗ್ಗಾಟ? ಎಂಜಿನಿಯರುಗಳು ಸ್ಟ್ರೆಸ್ ಎನ್ನುವ ಅದು ಬರಿಗಣ್ಣಿಗೆ ಬೀಳದು. ತೊಲೆ ಮುರಿಯುವುದು ಮಾತ್ರ ಅದರಿಂದಲೇ!

ಅದನ್ನು ಹಿಡಿಯುವ ಬಲೆಯೇ ಫೈನೈಟ್ ಎಲಿಮೆಂಟ್ ವಿಧಾನ. ಕಂಪ್ಯೂಟರು ರಚನೆಯನ್ನು ಸಾವಿರಾರು ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿನ ಮೂಲೆಯೂ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಸ್ಟ್ರೆಸ್ ಹುಟ್ಟುವುದು ಆಮೇಲೆ, ಆ ಸರಿದಾಟದ ಏರಿಳಿತದಿಂದ. ಪೇಚು ಇರುವುದೂ ಅಲ್ಲೇ. ಸರಿದಾಟ ನಯವಾಗಿ ಸಿಕ್ಕರೂ ಸ್ಟ್ರೆಸ್ ಒರಟಾಗಿ ಸಿಗುತ್ತದೆ. ನೆರೆಯ ಎರಡು ತುಂಡುಗಳು ಒಂದೇ ಗಡಿಯಲ್ಲಿ ನಿಂತು ಎರಡು ಸಂಖ್ಯೆ ಹೇಳುತ್ತವೆ.

ಈ ಒರಟುತನ ಎಷ್ಟು ದುಬಾರಿ? 1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಂಗರ್ ಬಳಿ ಸ್ಲೈಪ್ನರ್-ಎ ಎಂಬ ಕಡಲ ಅನಿಲ ವೇದಿಕೆಯ ಕಾಂಕ್ರೀಟ್ ತಳ ಬಿರಿದು ಸಮುದ್ರದ ಪಾಲಾಯಿತು. ಒರಟು ತುಂಡುಗಳ ಲೆಕ್ಕ ಗೋಡೆಯನ್ನು ಕತ್ತರಿಸುವಂತೆ ಎಳೆಯುವ ಕತ್ತರಿಬಲವನ್ನು (ಶಿಯರ್) ಶೇ. 47ರಷ್ಟು ಕಡಿಮೆ ತೋರಿಸಿತ್ತು. ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳ ಜೋಡಣೆಯಲ್ಲೂ ಕೊರತೆಯಿತ್ತು.

ಹಾಗಾದರೆ ಲೆಕ್ಕವನ್ನೇ ತಲೆಕೆಳಗು ಮಾಡಿದರೆ? ಮೊದಲು ಸ್ಟ್ರೆಸ್, ಆಮೇಲೆ ಉಳಿದದ್ದು! 1964ರಲ್ಲಿ ಅಮೆರಿಕದ ಎಂಐಟಿಯಲ್ಲಿ ಥಿಯೋಡರ್ ಪಿಯಾನ್ ತುಂಡಿನೊಳಗಿನ ಸ್ಟ್ರೆಸ್ಸನ್ನೇ ಊಹಿಸಿಕೊಂಡು ಶುರುಮಾಡಿದರು. ಬೆಲ್ಜಿಯಂನ ಲಿಯೇಜ್‌ನಲ್ಲಿ ಫ್ರೈಸ್ ದ ವೋಬೆಕ ಇನ್ನೂ ಮುಂದೆ ಹೋದರು: ತುಂಡಿನ ಒಳಗೂ ಗಡಿಯಲ್ಲೂ ಬಲಗಳು ಸರಿತೂಗಲೇಬೇಕು ಎಂದು ಪಟ್ಟುಹಿಡಿದರು.

ಆಗ ಬಯಲಾದದ್ದು ನೋಡಿ! ಸರಿದಾಟದಿಂದ ಹೊರಟ ಲೆಕ್ಕದಲ್ಲಿ ತುಂಡುಗಳು ನಾವು ಒಪ್ಪಿದ ಆಕಾರಗಳಲ್ಲಷ್ಟೇ ಬಾಗಬಲ್ಲವು. ಹಾಗಾಗಿ ತೊಲೆ ಇರುವುದಕ್ಕಿಂತ ಬಿಗಿಯಾಗಿ ತೋರುತ್ತದೆ. ಸ್ಟ್ರೆಸ್ಸಿನಿಂದ ಹೊರಟ ಲೆಕ್ಕದಲ್ಲಿ ಬಲಗಳು ತೂಗುತ್ತವೆ, ತುಂಡುಗಳ ಬೆಸುಗೆ ಮಾತ್ರ ಸಡಿಲ. ತೊಲೆ ಇರುವುದಕ್ಕಿಂತ ಮೆದುವಾಗಿ ತೋರುತ್ತದೆ. ಹೊರೆ ಬಿದ್ದಲ್ಲಿ ತೊಲೆ ಎಷ್ಟು ಕುಸಿಯಿತು ಎಂದು ಕೇಳಿ: ಒಂದು ಲೆಕ್ಕ ಕಡಿಮೆ ಹೇಳುತ್ತದೆ, ಇನ್ನೊಂದು ಹೆಚ್ಚು. ನಿಜವಾದ ಉತ್ತರ ಇವೆರಡರ ನಡುವೆ ಸೆರೆ! ತುಂಡುಗಳನ್ನು ಸಣ್ಣದು ಮಾಡುತ್ತ ಹೋದಂತೆ ಎರಡೂ ಗೋಡೆಗಳು ಹತ್ತಿರ ಸರಿಯುತ್ತವೆ. ಉತ್ತರ ಗೊತ್ತಿಲ್ಲದೆಯೇ ತಪ್ಪಿನ ಅಳತೆ ಕೈಗೆ ಸಿಗುತ್ತದೆ!

ಸ್ಟ್ರೆಸ್ಸಿನ ದಾರಿ ಕಷ್ಟದ್ದು. ಅದಕ್ಕೇ ಇಂದಿಗೂ ಬಹುಪಾಲು ಸಾಫ್ಟ್‌ವೇರ್ ಸರಿದಾಟದ ಹಾದಿಯನ್ನೇ ತುಳಿಯುತ್ತದೆ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಮೂಡಿದೊಡನೆ ತಲೆದೂಗಬೇಡಿ. ಒಂದೇ ಸಾಕ್ಷಿಯ ಮಾತಿಗೆ ತೀರ್ಪು ಕೊಡಬಾರದು. ಎದುರು ಪಕ್ಷದವನನ್ನೂ ಕರೆಸಿ.