ನಿಮಗಿದು ಗೊತ್ತೆ? ಕಾಲು ಕಾಣದ್ದೆಲ್ಲ ಹಾವಲ್ಲ!

ಮಳೆ ಬಿದ್ದ ಮರುದಿನ ಬೆಂಗಳೂರಿನ ಜಯನಗರ, ಬನಶಂಕರಿಯ ಹಳೇ ಮನೆಗಳ ಕೈತೋಟದಲ್ಲಿ ಹೂಕುಂಡ ಸರಿಸಿದಾಗ ಹೊಳೆಯುವ ಮೈಯ ಜೀವಿಯೊಂದು ಸರಕ್ಕನೆ ಮಣ್ಣಿಗೆ ನುಸುಳಬಹುದು. ಹಾವೆಂದು ದೊಣ್ಣೆ ಹುಡುಕಬೇಡಿ, ದಯವಿಟ್ಟು ಒಂದು ಕ್ಷಣ ನೋಡಿ. ರೆಪ್ಪೆ ಮಿಟುಕಿಸಿತೆ? ಕಣ್ಣಿನ ಹಿಂದೆ ಕಿವಿಯ ತೂತಿದೆಯೆ? ಇದ್ದರೆ ಅದು ಹಲ್ಲಿಯ ಬಳಗದ ಹಾವುರಾಣಿ. ಹಾವುಗಳಿಗೆ ಇವೆರಡೂ ಇಲ್ಲ.

ಇವುಗಳಲ್ಲೊಂದಾದ ಚುಕ್ಕೆ ಹಾವುರಾಣಿಗೆ ನಾಲ್ಕು ಕಾಲುಗಳಿವೆ. ಆದರೆ ಅವು ತೀರಾ ಗಿಡ್ಡ. ಅವಸರದಲ್ಲಿ ಅವನ್ನು ಮೈಗೆ ಒತ್ತಿಕೊಂಡು ಹಾವಿನಂತೆಯೇ ಹರಿಯುತ್ತದೆ. ಮರಿಯ ಬಾಲ ಕೆಂಪು. ಹಿಡಿಯಲು ಹೋದರೆ ಬಾಲ ಕಳಚಿ ವಿಲವಿಲನೆ ಒದ್ದಾಡುತ್ತದೆ, ಹಾವುರಾಣಿ ಪಾರಾಗುತ್ತದೆ. ವಿಷ ಇದಕ್ಕಿಲ್ಲವೇ ಇಲ್ಲ.

ಅದೇ ಕುಂಡದಲ್ಲಿ ಎರೆಹುಳುವಿನಂತೆ ಕಾಣುವ ಕುರುಡು ಹಾವು ಮಾತ್ರ ನಿಜವಾದ ಹಾವೇ. ಅದೂ ನಿರುಪದ್ರವಿ, ಇರುವೆ, ಗೆದ್ದಲಿನ ಮೊಟ್ಟೆ-ಮರಿಗಳೇ ಅದರ ಆಹಾರ. ಈ ಜಾತಿಯಲ್ಲಿ ಸಿಗುವುದೆಲ್ಲ ಹೆಣ್ಣುಗಳೇ, ಗಂಡಿನ ನೆರವಿಲ್ಲದೆ ಸಂತಾನ ಬೆಳೆಸುತ್ತವೆ!

ಕಾಲೇ ಇಲ್ಲದ ಹಾವುರಾಣಿಯೂ ಭಾರತದಲ್ಲಿದೆ. ಒಡಿಶಾದ ಚಿಲಿಕಾ ಸರೋವರದ ಬರ್ಕುಡಾ ದ್ವೀಪದಲ್ಲಿ ಸಿಕ್ಕ ಅದನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕ ನೆಲ್ಸನ್ ಅನ್ನಂಡೇಲ್ 1917ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದರು. ಮಣ್ಣೊಳಗೇ ಬದುಕುವ ಅದು ಕಣ್ಣಿಗೆ ಬೀಳುವುದು ತೀರಾ ಅಪರೂಪ.

ತುರಹಳ್ಳಿ ಕಾಡಿನ ಕಡೆ ಹೋದಾಗ ಕುತೂಹಲಕ್ಕೆ ಕಲ್ಲು ಎತ್ತಿದರೆ ಮತ್ತೆ ಇದ್ದಂತೆಯೇ ಮೆಲ್ಲಗೆ ಇಡಿ. ಅಡಿಯ ತೇವ ಆರಿದರೆ ಅಲ್ಲಿರಬಹುದಾದ ಹಾವುರಾಣಿಯ ಮೊಟ್ಟೆಗಳು ಒಣಗಿಹೋಗುತ್ತವೆ.