ಮೊಬೈಲ್ ಕ್ಯಾಮೆರಾ: ಬೆಳಕಿನ ತೀರ್ಮಾನ ಯಾರದು?

ಗುಬ್ಬಿ ತಾಲ್ಲೂಕಿನ ಒಂದು ತೋಟದ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಅವರನ್ನು ಕೇಳಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದೆ. "ಇದ್ಯಾರಪ್ಪಾ?" ಎಂದರು. ಫೋನಿನಲ್ಲಿ ಮುಖವನ್ನು ನುಣುಪು ಮಾಡುವ 'ಬ್ಯೂಟಿ' ಸೌಲಭ್ಯ ಚಾಲೂ ಇತ್ತು. ಅಜ್ಜಿಯ ಸುಕ್ಕುಗಳೆಲ್ಲ ಮಾಯವಾಗಿದ್ದವು.

ವಿದ್ಯಾರ್ಥಿ ಮಿತ್ರರೇ, ಮೊಬೈಲ್ ಛಾಯಾಗ್ರಹಣದ ಮೊದಲ ತೊಡಕು ಇದೇ. ಗುಂಡಿ ಒತ್ತುವವರು ನಾವು, ತೀರ್ಮಾನಿಸುವುದು ಫೋನು. ಸಾಮಾನ್ಯ ಫೋನುಗಳಲ್ಲಿ ಬೆಳಕನ್ನು ಗ್ರಹಿಸುವ ಸಂವೇದಕ ಕಿರುಬೆರಳಿನ ಉಗುರಿಗಿಂತ ದೊಡ್ಡದಿರುವುದಿಲ್ಲ. ಅದಕ್ಕೆ ಸಿಗುವ ಬೆಳಕು ಕಡಿಮೆ. ಈ ಕೊರತೆ ತುಂಬಲು ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ. ಕತ್ತಲಲ್ಲಿ ಕೈ ಅಲುಗಿಸಬಾರದು ಎನ್ನುವುದು ಇದಕ್ಕಾಗಿಯೇ.

ಇನ್ನು ಬೆಳಕಿನ ಪ್ರಮಾಣ. ಕ್ಯಾಮೆರಾ ಎಲ್ಲವನ್ನೂ ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಕೊಬ್ಬರಿ ಒಣಗುವ ಅಟ್ಟವನ್ನು ತೆಗೆದು ನೋಡಿ. ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲೇ ಅಲ್ಲಿನ ಸೊಗಸು. ಫೋನು ಕತ್ತಲೆಯನ್ನು ಬೆಳಗಿಸಿ ಆ ಸೊಗಸನ್ನೇ ಕೆಡಿಸುತ್ತದೆ. ಪರದೆಯ ಮೇಲೆ ಬಿಸಿಲು ಬಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ. ಹಲವು ಫೋನುಗಳಲ್ಲಿ ಪಕ್ಕದಲ್ಲೇ ಸೂರ್ಯನ ಗುರುತು ಮೂಡುತ್ತದೆ. ಅದನ್ನು ಕೆಳಕ್ಕೆ ಎಳೆದರೆ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ. ಈ ಒಂದು ಅಭ್ಯಾಸ ಕೈಗೆ ಹತ್ತಿದರೆ ಅರ್ಧ ವಿದ್ಯೆ ಬಂದಂತೆ.

ಸಂಡೂರಿನ ಎಂ.ವೈ. ಘೋರ್ಪಡೆ ಅವರು ಮಂತ್ರಿಯಾಗಿದ್ದವರು, ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದವರು. ೧೯೮೩ರಲ್ಲಿ ಬಂದ ತಮ್ಮ ಪುಸ್ತಕಕ್ಕೆ ಅವರಿಟ್ಟ ಹೆಸರು 'ಸನ್‌ಲೈಟ್ ಅಂಡ್ ಶ್ಯಾಡೋಸ್', ಎಂದರೆ ಬಿಸಿಲು ಮತ್ತು ನೆರಳು. ಆಗಿನ ಫಿಲ್ಮ್ ಸುರುಳಿಯಲ್ಲಿ ಸಾಮಾನ್ಯವಾಗಿ ೩೬ ಚಿತ್ರಗಳು. ಒಂದೊಂದಕ್ಕೂ ಕಾಯಬೇಕಿತ್ತು. ಇಂದು ಲೆಕ್ಕವಿಲ್ಲ, ಕಾಯುವವರೂ ಕಡಿಮೆ. ಜನಪದ ಹಾಡಿನಲ್ಲಿ ಹೆಸರಾದ ಕುಣಿಗಲ್ ಕೆರೆಗೆ ಒಂದು ದಿನ ಮುಂಜಾನೆ, ನಡುಹಗಲು, ಸಂಜೆ ಹೋಗಿ ಒಂದೇ ಜಾಗದಲ್ಲಿ ನಿಂತು ಮೂರೇ ಚಿತ್ರ ತೆಗೆಯಿರಿ. ಸೂರ್ಯನಿಗೆ ಎದುರಾಗಿ ತೆಗೆದಾಗ ಮರ ಕಪ್ಪು ಆಕೃತಿಯಾಗುವುದನ್ನೂ, ನಡುಹಗಲಲ್ಲಿ ನೀರು ಚಪ್ಪಟೆಯಾಗಿ ಕಾಣುವುದನ್ನೂ ಹೋಲಿಸಿ ನೋಡಿ. ತುಮಕೂರಿನವರಿಗೆ ಕೈದಾಳದ ಚೆನ್ನಕೇಶವ ದೇವಾಲಯ ಹತ್ತಿರ. ಅನುಮತಿ ಇದ್ದ ಕಡೆ ಮಾತ್ರ ತೆಗೆಯಿರಿ, ಫ್ಲಾಷ್ ಬೇಡ.

ಪ್ರತ್ಯೇಕ ಟೆಲಿಲೆನ್ಸ್ ಇಲ್ಲದ ಫೋನಿನಲ್ಲಿ ಜೂಮ್ ಎಂದರೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ. ಕಾಲಿದೆಯಲ್ಲ, ನಡೆದು ಹೋಗಿ. ಆದರೆ ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ಉಬ್ಬಿ ಕಾಣುತ್ತದೆ. ಮತ್ತೆ, ಜೇಬಿನಲ್ಲಿ ಜಿಡ್ಡಾದ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸದೆ ಕ್ಯಾಮೆರಾ ಕಂಪನಿಯನ್ನು ಬಯ್ಯಬೇಡಿ!

ಅಂದು 'ಬ್ಯೂಟಿ' ಆರಿಸಿ ಅಜ್ಜಿಯ ಮುಖವನ್ನು ಇನ್ನೊಮ್ಮೆ ತೆಗೆದೆ. ಅವರು ನೋಡಿ, "ಈಗ ನಾನೇ. ಆದ್ರೆ ಕೆಲಸ ಮಾಡೋ ಕೈನೇ ಬಿಟ್ಟಿದ್ದೀಯಲ್ಲ" ಎಂದರು. ಮೂರನೆಯ ಚಿತ್ರಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.