ಬೇಸಿಗೆಯ ಬಯಲು, ಒಂದು ಚೆಂಡು

ಬೇಸಿಗೆಯ ರಜೆ ಆರಂಭವಾಯಿತೆಂದರೆ ಮಕ್ಕಳಿಗೆ ಹಿಗ್ಗು, ತಾಯ್ತಂದೆಯರಿಗೆ ಚಿಂತೆ. ವಿಜಯಪುರ ಜಿಲ್ಲೆಯಲ್ಲಿ ಆ ದಿನಗಳ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಂಥ ಊರುಗಳಲ್ಲಿ ನಡುಹಗಲಿನ ಓಣಿಗಳು ಬಿಕೋ ಎನ್ನುತ್ತವೆ. ಕೆಲವು ಮಕ್ಕಳು ಹಿರಿಯರೊಡನೆ ಹೊಲದ ದಾರಿ ಹಿಡಿದರೆ, ಉಳಿದವರ ಕೈಗೆ ಮೊಬೈಲ್ ಬರುತ್ತದೆ. ಈ ವಾರಗಳಲ್ಲಿ ನಮ್ಮ ಮಕ್ಕಳು ಯಾರ ಸಂಗದಲ್ಲಿರುತ್ತಾರೆ ಎಂಬುದು ಪ್ರತಿ ಕುಟುಂಬವೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಧರ್ಮಸಭೆಗೆ ಈ ಪ್ರಶ್ನೆ ಹೊಸತಲ್ಲ. 1841ರ ಡಿಸೆಂಬರ್ 8ರಂದು ಇಟಲಿಯ ಟ್ಯೂರಿನ್ ನಗರದಲ್ಲಿ ಸಂತ ಜಾನ್ ಬೋಸ್ಕೊ ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಪೂಜೆಗೆ ನೆರವಾಗಲು ಬಾರದೆಂದ ಬಡ ಹುಡುಗನೊಬ್ಬನನ್ನು ದೇವಾಲಯದ ಸೇವಕನು ಹೊಡೆದು ಅಟ್ಟಿದನು. ಸಂತರು ಅವನನ್ನು ಮರಳಿ ಕರೆಸಿ, ಸಿಳ್ಳೆ ಹಾಕಲು ಬರುತ್ತದೆಯೇ ಎಂದು ವಿಚಾರಿಸಿದರಂತೆ. ಹುಡುಗ ನಕ್ಕನು. ಆ ನಗುವಿನಿಂದಲೇ ಅವರ ಯುವಸೇವೆ ಮೊದಲಾಯಿತೆಂದು ಸಲೇಶಿಯನ್ನರು ಇಂದಿಗೂ ನೆನೆಯುತ್ತಾರೆ. 1846ರಲ್ಲಿ ವಾಲ್ದೊಕ್ಕೊ ಎಂಬಲ್ಲಿ ನೆಲೆ ದೊರೆತಾಗ, ಪ್ರಾರ್ಥನೆ ಹಾಗೂ ಪಾಠಗಳ ಜೊತೆಗೆ ಆಟದಂಗಳವೂ ಆ ಸೇವೆಯ ಅಂಗವಾಯಿತು.

ಅದೇ ಸಭೆಯ ಗುರು ಲೊರೆಂಜೊ ಮಾಸ್ಸಾ ಅವರು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ಟ್ರಾಮ್ ಓಡಾಡುವ ಬೀದಿಯಲ್ಲೇ ಚೆಂಡಾಡುತ್ತಿದ್ದ ಹುಡುಗರಿಗೆ ದೇವಾಲಯದ ಅಂಗಳವನ್ನು ಬಿಟ್ಟುಕೊಟ್ಟರು. ಭಾನುವಾರದ ಬಲಿಪೂಜೆಗೆ ಬರಬೇಕೆಂಬುದೇ ಅವರ ಕರಾರು. 1908ರಲ್ಲಿ ಅಲ್ಲಿ ಹುಟ್ಟಿದ ಸಾನ್ ಲೊರೆಂಜೊ ಕ್ಲಬ್, 2025ರಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸ್ ಅವರ ಬಾಲ್ಯದ ಅಕ್ಕರೆಯ ತಂಡವಾಗಿತ್ತು.

ನಮ್ಮ ರಾಜ್ಯದಲ್ಲೂ ನಿದರ್ಶನವಿದೆ. ಬೆಂಗಳೂರಿನ ದಂಡು ಪ್ರದೇಶಕ್ಕೆ ಬ್ರಿಟಿಷ್ ಸೈನಿಕರು ತಂದ ಫುಟ್‌ಬಾಲ್, ಹಲಸೂರಿನ ಬಳಿಯ ಗೌತಮಪುರದ ಬಡವರ ಓಣಿಗಳಲ್ಲಿ ಬೇರೂರಿತು. ಅಲ್ಲಿ ಅಂಬೇಡ್ಕರ್, ಬುದ್ಧ ಮತ್ತು ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಆಟಗಾರ ಪೆಲೆಯ ಪ್ರತಿಮೆಯೂ ನಿಂತಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತಕ್ಕೆ ಗೋಲು ತಂದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರರೇ. 54 ವರ್ಷಗಳ ಬಳಿಕ, 2023ರಲ್ಲಿ ರಾಜ್ಯ ತಂಡವು ಮೇಘಾಲಯವನ್ನು 3–2ರಿಂದ ಮಣಿಸಿ ಸಂತೋಷ್ ಟ್ರೋಫಿಯನ್ನು ಮರಳಿ ಗೆದ್ದಿತು.

ಆದರೆ ರಾಜಧಾನಿಯ ಮಗುವಿಗೆ ಒದಗುವ ಮೈದಾನ, ತರಬೇತಿಗಳು ಗಡಿಯಂಚಿನ ಹಳ್ಳಿಯ ಮಗುವಿಗೆ ಸುಲಭವಾಗಿ ದಕ್ಕವು. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಕಲ್ಲು, ಜಾಲಿಮುಳ್ಳು ಆರಿಸಿದ ಬಯಲು, ಗೋಲಿಗೆ ನಾಲ್ಕು ಗಳು, ಒಂದು ಚೆಂಡು. ಆರಂಭಕ್ಕೆ ಇಷ್ಟು ಸಾಕು. ಎಂಟರಿಂದ ಹನ್ನೆರಡು ವರ್ಷದವರಿಗೆ 4ನೇ ಅಳತೆಯ ಚೆಂಡು, ದೊಡ್ಡವರಿಗೆ 5ನೆಯದು ಒಪ್ಪುತ್ತದೆ. ಹನ್ನೊಂದು ಮಂದಿ ಸೇರದಿದ್ದರೆ ಐವರ ತಂಡಗಳೇ ಆಡಲಿ.

ಕೆಲವು ಎಚ್ಚರಗಳು ಅಗತ್ಯ. ಆಟ ಬೆಳಗಿನ ಎಂಟರೊಳಗೆ ಮುಗಿಯಲಿ, ಇಲ್ಲವೇ ಹೊತ್ತು ಇಳಿದ ಮೇಲೆ ನಡೆಯಲಿ. ಕುಡಿಯುವ ನೀರಿನ ಕೊಡ ಬಯಲಿನಲ್ಲೇ ಇರಲಿ. ನೀರು ಹೊರುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆಯಿಂದ ಹೆಣ್ಣುಮಕ್ಕಳಿಗೂ ಒಂದು ಗಂಟೆ ಬಿಡುವು ದೊರೆಯಲಿ. ಬಯಲಿಗೆ ಬರುವ ಮಗುವಿನ ಜಾತಿ, ಧರ್ಮಗಳನ್ನು ಯಾರೂ ಕೇಳದಿರಲಿ. ಬ್ಯೂನಸ್ ಐರಿಸ್‌ನ ಗುರುಗಳ ಕರಾರು ಆ ನಾಡಿಗೆ ಸರಿ. ಬಹುಧರ್ಮೀಯರು ಒಟ್ಟಾಗಿ ಬಾಳುವ ನಮ್ಮ ಹಳ್ಳಿಗಳಲ್ಲಿ ಪ್ರೀತಿಯೇ ಸಾಕ್ಷಿಯಾಗಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಬೇಕಾದುದು, ದಿನವೂ ತಪ್ಪದೆ ಬಯಲಿಗೆ ಬಂದು ನಿಲ್ಲುವ ಒಬ್ಬ ಹಿರಿಯರು. ಗುರುಗಳಾಗಲಿ, ಧರ್ಮಭಗಿನಿಯರಾಗಲಿ, ಕಾಲೇಜಿಗೆ ಹೋಗುವ ಅಣ್ಣನಾಗಲಿ, ಆ ಹೊಣೆಯನ್ನು ಹೊರಬಹುದು. ಚೆಂಡನ್ನು ಹಣ ಕೊಟ್ಟು ತರಬಹುದು, ಈ ಹಾಜರಿಯನ್ನು ತರಲಾಗದು. ರಜೆ ಮುಗಿಯುವ ಹೊತ್ತಿಗೆ ಊರಿನಿಂದ ದೊಡ್ಡ ಆಟಗಾರ ಹೊರಬರದಿರಬಹುದು. ತನ್ನ ದಾರಿ ಕಾಯುವವರು ಒಬ್ಬರಿದ್ದಾರೆಂದು ಒಂದು ಮಗು ಅರಿತರೂ ಆ ಬೇಸಿಗೆ ಸಾರ್ಥಕ.